ತಪಸ್ಸಿಗೆ ಬೆಲೆಚೀಟಿ ಇಲ್ಲ

ಜೈನ ಶಾಸ್ತ್ರಗಳು ಹೇಳುವ ಆರು ಬಾಹ್ಯ ತಪಸ್ಸುಗಳಲ್ಲಿ ಎರಡನೆಯದು ಅವಮೌದರ್ಯ. ಹೊಟ್ಟೆ ಬೇಡುವುದಕ್ಕಿಂತ ಕಡಿಮೆ ಉಣ್ಣುವುದೇ ಅದರ ಅರ್ಥ. ಪುರುಷನ ಪೂರ್ಣಾಹಾರವನ್ನು 32 ತುತ್ತು, ಸ್ತ್ರೀಯ ಪೂರ್ಣಾಹಾರವನ್ನು 28 ತುತ್ತು ಎಂದು ಪೂರ್ವಾಚಾರ್ಯರು ಎಣಿಸಿದ್ದಾರೆ. ಅದರಲ್ಲಿ ಒಂದು ತುತ್ತನ್ನು ಬಿಟ್ಟು ಎದ್ದರೂ ಅದು ತಪಸ್ಸೇ. ಅದಕ್ಕೆ ಹಣವೂ ಬೇಡ, ಮಧ್ಯವರ್ತಿಯೂ ಬೇಡ.

ಇಂದು ಈ ಸಂಯಮದ ಫಲವನ್ನು ಸಂಯಮವಿಲ್ಲದೆಯೇ ಕೊಡುತ್ತೇವೆಂದು ಹೇಳುವ ಡಬ್ಬಿಗಳು ಮನೆಮನೆಗೆ ಬರುತ್ತಿವೆ. ತೂಕ ಇಳಿಸುವ ಪುಡಿ, ಚೈತನ್ಯ ತುಂಬುವ ಮಾತ್ರೆ. ಬೆಲೆ ಮಾತ್ರ ಸಾವಿರಾರು ರೂಪಾಯಿ. ಅಪರಿಚಿತ ವ್ಯಾಪಾರಿ ತಂದರೆ ಬಾಗಿಲಲ್ಲೇ ಬೇಡವೆನ್ನುವ ಗೃಹಿಣಿ, ಅದನ್ನೇ ನಾದಿನಿಯೋ ಬಸದಿಯಲ್ಲಿ ದಿನವೂ ಕಾಣುವ ಪರಿಚಿತರೋ ತಂದಾಗ ದಾಕ್ಷಿಣ್ಯಕ್ಕೆ ಕೊಳ್ಳುತ್ತಾಳೆ. ಅಲ್ಲಿ ಮಾರಾಟವಾಗುವುದು ಪುಡಿಯಷ್ಟೇ ಅಲ್ಲ, ಬಾಂಧವ್ಯದ ನಂಬಿಕೆಯೂ ಹೌದು.

ಸಮ್ಯಗ್ದರ್ಶನದ ಎಂಟು ಅಂಗಗಳಲ್ಲಿ ಅಮೂಢದೃಷ್ಟಿಯೂ ಒಂದು. ದೇವ, ಗುರು, ಶಾಸ್ತ್ರಗಳ ವಿಷಯದಲ್ಲಿ ಮೋಸಹೋಗದ ಶ್ರಾವಕನು ಜಾಹೀರಾತಿನ ಎರಡು ಭಾವಚಿತ್ರಗಳಿಗೆ ಮರುಳಾಗುವುದು ತರವೇ? ಆಹಾರ ಪೂರಕದ ಡಬ್ಬಿಯ ಮೇಲೆ ಔಷಧೀಯ ಬಳಕೆಗಲ್ಲ ಎಂದು ಮುದ್ರಿಸಬೇಕೆಂಬುದು ದೇಶದ ಆಹಾರ ಸುರಕ್ಷತಾ ನಿಯಮ. ಡಬ್ಬಿಯ ಮೇಲಿನ ಬರಹ ಹಾಗೆ ಹೇಳುತ್ತಿರುವಾಗ, ಮಾರುವವರ ನಾಲಿಗೆ ಸಕ್ಕರೆ ಕಾಯಿಲೆ, ಮಂಡಿನೋವುಗಳೂ ವಾಸಿಯಾಗುತ್ತವೆಂದು ನುಡಿದರೆ ಸತ್ಯಾಣುವ್ರತ ಅಲ್ಲಿಯೇ ಸಡಿಲವಾಯಿತು.

ವಸ್ತುವನ್ನು ಅರಿಯುವುದು ಮುಂದಿನ ಹೆಜ್ಜೆ. ಚೈತನ್ಯದ ಹೆಸರಿನ ಎಷ್ಟೋ ಪುಡಿಗಳಲ್ಲಿ ಇರುವುದು ಕಾಫಿಯಲ್ಲಿಯೂ ಇರುವ ಕೆಫೀನ್. ಹಸಿವು ಅಡಗಿಸುವ ಸಿಬುಟ್ರಾಮಿನ್ ಎಂಬ ಔಷಧವು ಹೃದಯಕ್ಕೆ ಅಪಾಯಕಾರಿಯೆಂದು ಭಾರತದಲ್ಲಿ 2011ರಲ್ಲಿ ನಿಷೇಧಗೊಂಡಿತು. ಆ ಬಳಿಕವೂ ಗಿಡಮೂಲಿಕೆಯದೆಂದು ಮಾರಲಾದ ತೂಕ ಇಳಿಸುವ ಸರಕುಗಳಲ್ಲಿ ಅದನ್ನು ಗುಟ್ಟಾಗಿ ಬೆರೆಸಿದ್ದು ಹಲವು ದೇಶಗಳ ಪರೀಕ್ಷೆಗಳಲ್ಲಿ ಬಯಲಾಗಿದೆ. ಇನ್ನು ಕ್ಯಾಪ್ಸೂಲಿನ ಕವಚಕ್ಕೆ ಸಾಮಾನ್ಯವಾಗಿ ಬಳಸುವ ಜೆಲಟಿನ್ ಪ್ರಾಣಿಗಳ ಮೂಳೆ ಮತ್ತು ಚರ್ಮದಿಂದ ತಯಾರಾಗುತ್ತದೆ. ಗಡ್ಡೆಗೆಣಸನ್ನೂ ವರ್ಜಿಸಿ, ಸೂರ್ಯಾಸ್ತಕ್ಕೆ ಮುನ್ನವೇ ಊಟ ಮುಗಿಸುವ ಮನೆಯವರು ಹಸಿರು ಚುಕ್ಕೆಯನ್ನೂ ನೋಡದೆ ಅದನ್ನು ನುಂಗಿದರೆ ಅಹಿಂಸಾವ್ರತದ ಗತಿಯೇನು?

ಕೊಳ್ಳುವವನಿಗಿಂತ ಮಾರುವವನ ಹೊಣೆ ದೊಡ್ಡದು. ತತ್ತ್ವಾರ್ಥಸೂತ್ರವು ಅಚೌರ್ಯಾಣುವ್ರತಕ್ಕೆ ಹೇಳುವ ಐದು ಅತಿಚಾರಗಳಲ್ಲಿ ಪ್ರತಿರೂಪಕ ವ್ಯವಹಾರವೂ ಸೇರಿದೆ. ಅಸಲಿಯಂತೆ ತೋರುವ ನಕಲಿಯನ್ನು ಕೊಟ್ಟು ಹಣ ಪಡೆಯುವುದು ಕಳ್ಳತನದ ನೆರಳೇ. ತನಗೇ ಖಚಿತವಿಲ್ಲದ ಗುಣವನ್ನು ಹೊಗಳಿ ಬಂಧುವಿನಿಂದ ಲಾಭ ಪಡೆಯುವುದು ಆ ನೆರಳಿನಿಂದ ಎಷ್ಟು ದೂರ? ಆಹಾರ, ಅಭಯ, ಶಾಸ್ತ್ರಗಳೊಂದಿಗೆ ಔಷಧವನ್ನೂ ದಾನವೆಂದು ಎಣಿಸಿದ ಪರಂಪರೆಯಿದು. ವೈದ್ಯಗ್ರಂಥವಾದ ‘ಕಲ್ಯಾಣಕಾರಕ’ವನ್ನು ರಚಿಸಿದ ಉಗ್ರಾದಿತ್ಯಾಚಾರ್ಯರು ಚಿಕಿತ್ಸೆಯಿಂದ ಮದ್ಯ, ಮಾಂಸ, ಮಧುಗಳನ್ನು ದೂರವಿಟ್ಟರು. ಅಂತಹ ಪರಂಪರೆಯ ವಾರಸುದಾರರು ಆರೋಗ್ಯದ ಆಸೆಯನ್ನು ಸುಲಿಗೆಗೆ ದಾರಿಯಾಗಿಸಿಕೊಳ್ಳಬಾರದು.

ಹಾಗೆಂದು ಉಪವಾಸವನ್ನು ತೂಕ ಇಳಿಸುವ ಉಪಾಯವಾಗಿ ಕಾಣುವುದೂ ಸಲ್ಲದು. ತಪಸ್ಸಿನ ಗುರಿ ಇಚ್ಛೆಯ ನಿರೋಧ, ಕರ್ಮದ ನಿರ್ಜರೆ. ದೇಹ ಹಗುರಾಗುವುದು ಅದರ ಆನುಷಂಗಿಕ ಫಲವಷ್ಟೆ. ತಪಸ್ಸು ಶಕ್ತಿಗೆ ತಕ್ಕಂತಿರಬೇಕೆಂದು ಷೋಡಶಭಾವನೆಗಳಲ್ಲಿಯೇ ಹೇಳಿದೆ. ಸಕ್ಕರೆ ಕಾಯಿಲೆ, ರಕ್ತದೊತ್ತಡ ಇರುವವರು ಉಪವಾಸಕ್ಕಾಗಲಿ ಪುಡಿಗಾಗಲಿ ಕೈಹಾಕುವ ಮೊದಲು ವೈದ್ಯರನ್ನು ಕೇಳುವುದು ವಿವೇಕ. ಕಾರಣ ತಿಳಿಯದ ಆಯಾಸಕ್ಕೂ ಮೊದಲು ಬೇಕಾದುದು ಡಬ್ಬಿಯಲ್ಲ, ರಕ್ತಪರೀಕ್ಷೆ.

ನಂಟರು ಡಬ್ಬಿ ಹಿಡಿದು ಬಂದಾಗ ಅವರಿಗೆ ಆಸನವಿತ್ತು, ನೀರು ಕೊಟ್ಟು, ಡಬ್ಬಿಯನ್ನು ಮಾತ್ರ ವಿನಯದಿಂದ ಹಿಂದಿರುಗಿಸಬಹುದು. ಅದರಿಂದ ಸಂಬಂಧವೂ ಉಳಿಯುತ್ತದೆ, ವ್ರತವೂ ಉಳಿಯುತ್ತದೆ. ಅಂದು ರಾತ್ರಿಯಾಗುವ ಮುನ್ನ ಊಟಕ್ಕೆ ಕುಳಿತಾಗ ಒಂದು ತುತ್ತನ್ನು ಬಿಟ್ಟೇಳುವ ಅವಕಾಶ ಬಡವನಿಗೂ ಬಲ್ಲಿದನಿಗೂ ಸಮಾನವಾಗಿ ತೆರೆದಿರುತ್ತದೆ.