ವಿಮಾನ ನಿಲ್ದಾಣ ಬೇಕು, ವಿಮಾನ ಸುರಕ್ಷತೆಯೂ ಬೇಕು

ದಾವಣಗೆರೆ-ಹರಿಹರ ಅವಳಿ ನಗರಗಳಿಗೆ ವಿಮಾನ ನಿಲ್ದಾಣವೊಂದು ಬೇಕೆಂಬ ಬೇಡಿಕೆ ಹೊಸದೇನಲ್ಲ. ಸಚಿವ ಮಹೋದಯರು ಬಂದಾಗಲೆಲ್ಲ ಹಾರ-ತುರಾಯಿಗಳೊಡನೆ ಈ ಕುರಿತ ಮನವಿ ಪತ್ರವನ್ನೂ ಅರ್ಪಿಸುವುದು ನಮ್ಮ ಭಾಗದ ವಾಣಿಜ್ಯೋದ್ಯಮಿಗಳಿಗೆ ರೂಢಿಯೇ ಆಗಿದೆ. ಬೇಡಿಕೆ ನ್ಯಾಯಸಮ್ಮತವಾದುದೆಂಬುದರಲ್ಲಿ ಎರಡು ಮಾತಿಲ್ಲ. ಆದರೆ ಆ ಮನವಿ ಪತ್ರದಲ್ಲಿ ನಾವು ಇದುವರೆಗೆ ಬರೆಯದೇ ಬಿಟ್ಟ ಸಾಲೊಂದಿದೆ. ನಿಲ್ದಾಣಕ್ಕೆ ಪರವಾನಗಿ ನೀಡುವ, ವಿಮಾನಗಳನ್ನು ತಪಾಸಣೆ ಮಾಡುವ, ಪೈಲಟ್‌ಗಳ ಅರ್ಹತೆಯನ್ನು ಪರೀಕ್ಷಿಸುವ ಸಂಸ್ಥೆಯು ಸಮರ್ಥವಾಗಿದೆಯೇ ಎಂಬ ಪ್ರಶ್ನೆಯೇ ಆ ಸಾಲು.

ಆ ಸಂಸ್ಥೆ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ, ಸಂಕ್ಷಿಪ್ತವಾಗಿ ಡಿಜಿಸಿಎ. 2025ರ ಜೂನ್ 12ರಂದು ಅಹಮದಾಬಾದಿನಲ್ಲಿ ಏರ್ ಇಂಡಿಯಾ ವಿಮಾನ ಪತನಗೊಂಡು 260 ಮಂದಿ ಪ್ರಾಣ ತೆತ್ತ ಬಳಿಕ, ಸಾರಿಗೆ, ಪ್ರವಾಸೋದ್ಯಮ ಮತ್ತು ಸಂಸ್ಕೃತಿ ಕುರಿತ ಸಂಸದೀಯ ಸ್ಥಾಯಿ ಸಮಿತಿಯು ವಿಮಾನಯಾನ ಸುರಕ್ಷತೆಯ ಸಮಗ್ರ ಪರಾಮರ್ಶೆ ನಡೆಸಿ, ಅದೇ ವರ್ಷದ ಆಗಸ್ಟ್‌ನಲ್ಲಿ ವರದಿ ಸಲ್ಲಿಸಿತು. ವರದಿಯಲ್ಲಿ ನಮ್ಮ ಗಮನ ಸೆಳೆಯಬೇಕಾದ ಅಂಕಿಗಳು ಎರಡೇ. ಡಿಜಿಸಿಎಗೆ ಮಂಜೂರಾದ ಹುದ್ದೆಗಳು 1,063, ಭರ್ತಿಯಾಗಿದ್ದವು 553. ಅಂದರೆ ಹೆಚ್ಚುಕಡಿಮೆ ಅರ್ಧದಷ್ಟು ಕುರ್ಚಿಗಳು ಖಾಲಿ. ಹುದ್ದೆಗಳ ಸಂಖ್ಯೆಯನ್ನೇ ಈಚೆಗೆ ಹೆಚ್ಚಿಸಿದ್ದರಿಂದ ಖಾಲಿ ಹುದ್ದೆಗಳು ಎದ್ದು ಕಾಣುತ್ತಿವೆ ಎಂಬ ಸಮಜಾಯಿಷಿಯೂ ಇದೆ. ಅದರಲ್ಲಿ ಸತ್ಯಾಂಶವಿಲ್ಲದಿಲ್ಲ. ಆದರೆ ಹುದ್ದೆಗಳನ್ನು ಹೆಚ್ಚಿಸಿದ್ದು ಕೆಲಸ ಹೆಚ್ಚಿದ ಕಾರಣಕ್ಕೇ ಅಲ್ಲವೇ? ಕೆಲಸ ಹೆಚ್ಚಿತು, ಕೈಗಳು ಹೆಚ್ಚಲಿಲ್ಲ.

ಗಿರಣಿಗಳನ್ನು ನಡೆಸಿದ ಊರಿನವರಾದ ನಮಗೆ ಇದರ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ. ಬಾಯ್ಲರ್ ತಪಾಸಣೆಯಾಗದೆ, ಪ್ರಮಾಣ ಪತ್ರ ಕೈಗೆ ಬಾರದೆ ಗಿರಣಿಯನ್ನು ಚಾಲೂ ಮಾಡುವಂತಿರಲಿಲ್ಲ. ಇನ್‌ಸ್ಪೆಕ್ಟರು ಬರುವುದು ತಡವಾದರೆ ಮಾಲೀಕನಿಗೆ ನಷ್ಟ. ಬಾರದೆಯೇ ಸಹಿ ಹಾಕಿದರೆ ಕಾರ್ಮಿಕನ ಜೀವಕ್ಕೆ ಸಂಚಕಾರ. ತಪಾಸಣಾಧಿಕಾರಿಗಳ ಕೊರತೆಯಿಂದ ಉದ್ಯಮಕ್ಕೆ ಅನುಕೂಲವೆಂಬ ಭಾವನೆ ನಮ್ಮಲ್ಲಿ ಕೆಲವರಿಗೆ ಈಗಲೂ ಇದೆ. ಅದು ತಪ್ಪು ಕಲ್ಪನೆ. ಅಧಿಕಾರಿಗಳು ಕಡಿಮೆಯಾದಷ್ಟೂ ಕಡತಗಳು ನಿಧಾನವಾಗುತ್ತವೆ, ತಪಾಸಣೆಗಳು ಅವಸರದವಾಗುತ್ತವೆ.

ಇದರ ವಾಣಿಜ್ಯಕ ಬೆಲೆಯನ್ನು ದೇಶವು ಹಿಂದೆಯೇ ತೆತ್ತಿದೆ. 2014ರ ಜನವರಿಯಲ್ಲಿ ಅಮೆರಿಕದ ವಿಮಾನಯಾನ ಆಡಳಿತವು ಭಾರತದ ಸುರಕ್ಷತಾ ಶ್ರೇಣಿಯನ್ನು ಒಂದರಿಂದ ಎರಡಕ್ಕೆ ಇಳಿಸಿತು. ಆಗಿನ ಆಕ್ಷೇಪಣೆಗಳಲ್ಲಿ ಮುಖ್ಯವಾದುದು ಡಿಜಿಸಿಎಯಲ್ಲಿ ಪೂರ್ಣಾವಧಿ ಹಾರಾಟ ತಪಾಸಣಾಧಿಕಾರಿಗಳು ಸಾಕಷ್ಟಿಲ್ಲ ಎಂಬುದೇ ಆಗಿತ್ತು. ಪರಿಣಾಮವಾಗಿ ನಮ್ಮ ವಿಮಾನ ಸಂಸ್ಥೆಗಳು ಅಮೆರಿಕಕ್ಕೆ ಹೊಸ ಹಾರಾಟಗಳನ್ನು ಆರಂಭಿಸಲಾಗಲಿಲ್ಲ. ಶ್ರೇಣಿ ಮರಳಿ ದೊರೆತದ್ದು 2015ರ ಏಪ್ರಿಲ್‌ನಲ್ಲಿ. ಅನಂತರ ಸುಧಾರಣೆಯಾಗಿಲ್ಲವೆಂದಲ್ಲ. ಅಂತಾರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಘಟನೆಯು 2022ರಲ್ಲಿ ನಡೆಸಿದ ಪರಿಶೀಲನೆಯಲ್ಲಿ ಭಾರತದ ಅಂಕ ಸುಮಾರು ಶೇಕಡಾ 70ರಿಂದ 85ರ ಮೇಲಕ್ಕೆ ಏರಿತು. ಈ ಶ್ರೇಯಸ್ಸು ಡಿಜಿಸಿಎಗೆ ಸಲ್ಲಲೇಬೇಕು. ಆದರೆ ನಿಯಮಗಳು ಪುಸ್ತಕದಲ್ಲಿರುವುದು ಬೇರೆ, ಅವುಗಳನ್ನು ನಿತ್ಯ ಜಾರಿಗೆ ತರಲು ಜನರಿರುವುದು ಬೇರೆ.

ಕನ್ನಡ ನಾಡಿಗೆ ಈ ವ್ಯತ್ಯಾಸದ ಕಹಿ ಅನುಭವವಿದೆ. 2010ರ ಮೇ 22ರಂದು ಮಂಗಳೂರಿನ ಬಜ್ಪೆಯಲ್ಲಿ, ದುಬೈನಿಂದ ಬಂದ ವಿಮಾನ ರನ್‌ವೇ ಮೀರಿ ಕಣಿವೆಗೆ ಉರುಳಿ 158 ಮಂದಿ ಅಸುನೀಗಿದರು. ಬದುಕುಳಿದವರು ಎಂಟೇ ಮಂದಿ. ಬೆಟ್ಟದ ನೆತ್ತಿಯ ಮೇಲಿನ ಇಂತಹ ನಿಲ್ದಾಣಗಳ ಅಪಾಯವು ತನಿಖೆಯಲ್ಲಿ, ಅನಂತರದ ಚರ್ಚೆಗಳಲ್ಲಿ ವಿವರವಾಗಿ ದಾಖಲಾಯಿತು. ಕೋಳಿಕ್ಕೋಡಿನ ನಿಲ್ದಾಣವೂ ಅಂತಹುದೇ ಎಂದು ಸುರಕ್ಷತಾ ಸಲಹಾ ಸಮಿತಿಯ ಸದಸ್ಯರೊಬ್ಬರು 2011ರಲ್ಲಿಯೇ ಎಚ್ಚರಿಸಿದ್ದರು. 2020ರ ಆಗಸ್ಟ್ 7ರಂದು ಅಲ್ಲಿಯೇ, ಅದೇ ಬಗೆಯಲ್ಲಿ ವಿಮಾನ ಜಾರಿ 21 ಮಂದಿ ಸತ್ತರು. ಎರಡೂ ಅಪಘಾತಗಳಿಗೆ ನೇರ ಕಾರಣ ಪೈಲಟ್‌ಗಳ ತಪ್ಪು ನಿರ್ಧಾರವೆಂದು ತನಿಖೆಗಳು ಹೇಳಿದವು. ಆದರೆ ಮನುಷ್ಯ ತಪ್ಪು ಮಾಡುತ್ತಾನೆಂದು ತಿಳಿದೇ ನಿಯಂತ್ರಕ ಸಂಸ್ಥೆಯನ್ನು ಸ್ಥಾಪಿಸಲಾಗಿದೆ. ಒಂದು ವರದಿಗೂ ಮುಂದಿನ ಅಪಘಾತಕ್ಕೂ ನಡುವೆ ಹತ್ತು ವರ್ಷಗಳಿದ್ದವು ಎಂಬುದೇ ಇಲ್ಲಿ ವಿಷಾದದ ಸಂಗತಿ.

ಈಚಿನ ಉದಾಹರಣೆ ಇನ್ನೊಂದು ಬಗೆಯದು. ಪೈಲಟ್‌ಗಳ ವಿಶ್ರಾಂತಿ ಕುರಿತ ಹೊಸ ನಿಯಮಗಳ ಎರಡನೆಯ ಹಂತವು 2025ರ ನವೆಂಬರ್ 1ರಿಂದ ಜಾರಿಗೆ ಬಂದಿತು. ದೇಶದೊಳಗಿನ ಪ್ರಯಾಣಿಕರಲ್ಲಿ ಶೇಕಡಾ 60ಕ್ಕೂ ಹೆಚ್ಚು ಮಂದಿಯನ್ನು ಒಯ್ಯುವ ಇಂಡಿಗೋ ಸಂಸ್ಥೆ ಅದಕ್ಕೆ ಸಿದ್ಧವಾಗಿರಲಿಲ್ಲ. ಡಿಸೆಂಬರ್ 3ರಿಂದ 5ರವರೆಗೆ ಮೂರೇ ದಿನಗಳಲ್ಲಿ 2,507 ಹಾರಾಟಗಳು ರದ್ದಾಗಿ, ಮೂರು ಲಕ್ಷಕ್ಕೂ ಮಿಕ್ಕಿ ಪ್ರಯಾಣಿಕರು ತೊಂದರೆಗೀಡಾದರು. ಡಿಜಿಸಿಎ ನಿಯಮವನ್ನು ತಾತ್ಕಾಲಿಕವಾಗಿ ಸಡಿಲಿಸಬೇಕಾಯಿತು; 2026ರ ಜನವರಿಯಲ್ಲಿ ಸಂಸ್ಥೆಗೆ 22.20 ಕೋಟಿ ರೂಪಾಯಿ ದಂಡ ವಿಧಿಸಿತು. ದಂಡ ಸರಿಯೇ. ಆದರೆ ಅಷ್ಟು ದೊಡ್ಡ ಸಂಸ್ಥೆ ಸಿದ್ಧವಾಗಿಲ್ಲವೆಂಬುದು ಅಕ್ಟೋಬರ್‌ನಲ್ಲಿಯೇ ನಿಯಂತ್ರಕನ ಗಮನಕ್ಕೆ ಬರಬೇಕಿತ್ತಲ್ಲವೇ? ಹಾರಾಟ ರದ್ದಾದಾಗ ಬೆಂಗಳೂರಿಗನು ಮನೆಗೆ ಮರಳಬಹುದು. ರಾತ್ರಿಯಿಡೀ ಪ್ರಯಾಣಿಸಿ ಅಲ್ಲಿಗೆ ತಲುಪಿದ ದಾವಣಗೆರೆಯ ವ್ಯಾಪಾರಿ ದಿನವನ್ನೂ, ವ್ಯವಹಾರವನ್ನೂ ಕಳೆದುಕೊಳ್ಳುತ್ತಾನೆ.

ಇಲ್ಲಿ ನಮ್ಮ ತಪ್ಪನ್ನೂ ಒಪ್ಪಿಕೊಳ್ಳಬೇಕು. ನಮ್ಮ ನೆರೆಯ ಶಿವಮೊಗ್ಗದ ಸೋಗಾನೆಯಲ್ಲಿ 2023ರ ಫೆಬ್ರವರಿ 27ರಂದು ಉದ್ಘಾಟನೆಗೊಂಡ ನಿಲ್ದಾಣವು ರಾಜ್ಯ ಸರ್ಕಾರವೇ ನಡೆಸುವ ಮೊದಲ ನಿಲ್ದಾಣ. 2024ರಲ್ಲಿ ಸುರಕ್ಷತಾ ನ್ಯೂನತೆಗಳನ್ನು ಎತ್ತಿ ತೋರಿದ ಡಿಜಿಸಿಎ, ಅದರ ಪರವಾನಗಿಯನ್ನು ಮೊದಲು ಅಲ್ಪಾವಧಿಗಷ್ಟೇ ನವೀಕರಿಸಿತು. ಆಗ ನಮ್ಮಲ್ಲನೇಕರು ಇದನ್ನು ದೆಹಲಿ ಅಧಿಕಾರಿಗಳ ಕಿರುಕುಳವೆಂದೇ ಮಾತನಾಡಿಕೊಂಡೆವು. ವಾಸ್ತವದಲ್ಲಿ ನಿಯಂತ್ರಕನು ಮಾಡಬೇಕಾದ ಕೆಲಸವೇ ಅದು. ಕಟ್ಟುನಿಟ್ಟು ನಮಗೆ ಅಡ್ಡಿಯಾದಾಗ ಗೊಣಗಿ, ಅಪಘಾತವಾದಾಗ ಕಟ್ಟುನಿಟ್ಟಿಲ್ಲವೆಂದು ದೂರುವುದು ವ್ಯಾಪಾರ ಧರ್ಮಕ್ಕೆ ಒಪ್ಪುವುದಿಲ್ಲ.

ಸಂಸದೀಯ ಸಮಿತಿಯು ಡಿಜಿಸಿಎಗೆ ಆಡಳಿತ ಮತ್ತು ಹಣಕಾಸಿನ ಪೂರ್ಣ ಸ್ವಾಯತ್ತತೆ ನೀಡಬೇಕೆಂದು ಶಿಫಾರಸು ಮಾಡಿದೆ. 2020ರ ತಿದ್ದುಪಡಿಯಿಂದ ಅದಕ್ಕೆ ಶಾಸನಬದ್ಧ ಸ್ಥಾನ ದೊರೆತಿದೆ. 2025ರ ಜನವರಿ 1ರಿಂದ ಭಾರತೀಯ ವಾಯುಯಾನ ಅಧಿನಿಯಮವೂ ಜಾರಿಯಲ್ಲಿದೆ. ಆದರೆ ತನಗೆ ಬೇಕಾದ ತಜ್ಞರನ್ನು ತಾನೇ, ತಕ್ಕ ಸಂಬಳ ಕೊಟ್ಟು ನೇಮಿಸಿಕೊಳ್ಳುವ ಸ್ವಾತಂತ್ರ್ಯವಿಲ್ಲದ ಸಂಸ್ಥೆಗೆ ಶಾಸನದ ಸ್ಥಾನವೊಂದೇ ಬಲ ಕೊಡದು. ಅನುಭವಿ ಪೈಲಟ್‌ಗಳಿಗೂ ಎಂಜಿನಿಯರ್‌ಗಳಿಗೂ ಖಾಸಗಿ ಸಂಸ್ಥೆಗಳು ಕೊಡುವ ಸಂಬಳದೆದುರು ಸರ್ಕಾರಿ ವೇತನ ನಿಲ್ಲುವುದಿಲ್ಲವೆಂಬುದು ಎಲ್ಲರೂ ಬಲ್ಲ ಸಂಗತಿ.

ಆದುದರಿಂದ ವಾಣಿಜ್ಯೋದ್ಯಮಿಗಳಾದ ನಾವು ಕೇಂದ್ರ ಸರ್ಕಾರವನ್ನು ಮೂರು ವಿಷಯಗಳಲ್ಲಿ ಒತ್ತಾಯಿಸಬೇಕೆಂಬುದು ನನ್ನ ಅಭಿಪ್ರಾಯ. ಮೊದಲನೆಯದು, ಡಿಜಿಸಿಎಯ ತಾಂತ್ರಿಕ ಹುದ್ದೆಗಳನ್ನು ಕಾಲಮಿತಿಯೊಳಗೆ ತುಂಬಬೇಕು. ಅದಕ್ಕೆ ಪ್ರತ್ಯೇಕ ನೇಮಕಾತಿ ವ್ಯವಸ್ಥೆ ಬೇಕು. ಎರಡನೆಯದು, ತಪಾಸಣೆಯಲ್ಲಿ ಕಂಡ ನ್ಯೂನತೆಗಳೆಷ್ಟು, ಸರಿಪಡಿಸಿದವೆಷ್ಟು, ಉಳಿದವೆಷ್ಟು ಎಂಬ ಲೆಕ್ಕವನ್ನು ಸಾರ್ವಜನಿಕರ ಮುಂದಿಡಬೇಕು. ಮೂರನೆಯದು, ಅಪಘಾತ ತನಿಖಾ ಬ್ಯೂರೋ ಮತ್ತು ಡಿಜಿಸಿಎ ಒಂದೇ ಸಚಿವಾಲಯದ ಅಧೀನದಲ್ಲಿರುವ ಈಗಿನ ವ್ಯವಸ್ಥೆ ಬದಲಾಗಬೇಕು. ನಿಯಂತ್ರಕನ ಲೋಪವೂ ತನಿಖೆಯ ವಿಷಯವಾಗಬಹುದಾದಾಗ, ಇಬ್ಬರಿಗೂ ಯಜಮಾನನೊಬ್ಬನೇ ಆಗಿರುವುದು ಸರಿಯಲ್ಲ.

ಇದಕ್ಕೆ ವೆಚ್ಚ ತಗಲುತ್ತದೆ, ಪ್ರಯಾಣ ದರವೂ ಒಂದಿಷ್ಟು ಏರಬಹುದು. ಆ ಹೊರೆಯನ್ನು ಹೊರಲು ನಾವು ಸಿದ್ಧರಿರಬೇಕು. ನಮ್ಮ ಊರಿಗೆ ಒಂದಲ್ಲ ಒಂದು ದಿನ ವಿಮಾನ ಬಂದೇ ಬರುತ್ತದೆ. ಅದರಲ್ಲಿ ಮೊದಲು ಪ್ರಯಾಣ ಮಾಡುವವರು ನಮ್ಮ ಸದಸ್ಯರು, ಅವರ ಮನೆಯ ಮಕ್ಕಳು. ಸಚಿವರಿಗೆ ಕೊಡುವ ಮುಂದಿನ ಮನವಿ ಪತ್ರದಲ್ಲಿ ನಿಲ್ದಾಣದ ಬೇಡಿಕೆಯ ಕೆಳಗೆ, ಅದನ್ನು ತಪಾಸಣೆ ಮಾಡುವ ಅಧಿಕಾರಿಗಳ ನೇಮಕದ ಬೇಡಿಕೆಯನ್ನೂ ಬರೆಯೋಣ.