ಮೊಬೈಲಿನಲ್ಲಿ ಮನಸ್ಸಿನ ಚಿಕಿತ್ಸೆ: ಮೊದಲ ದಿನ ಏನಾಗುತ್ತದೆ?

ಕುರುಬರಹಳ್ಳಿ ಸರ್ಕಲ್ಲಿಗೆ ಹತ್ತಿರವಿರುವ ನನ್ನ ಕ್ಲಿನಿಕ್ಕಿಗೆ ಎರಡು ತಿಂಗಳ ಹಿಂದೆ ಇಪ್ಪತ್ತೆಂಟರ ಯುವಕನೊಬ್ಬ ತಾಯಿಯೊಡನೆ ಬಂದಿದ್ದ. ಎದೆ ಡವಡವ ಎನ್ನುವುದು, ಅಂಗೈ ಬೆವರುವುದು, ರಾತ್ರಿ ಎರಡಕ್ಕೆ ಎಚ್ಚರವಾದರೆ ಮತ್ತೆ ನಿದ್ರೆ ಬಾರದಿರುವುದು. ಇ.ಸಿ.ಜಿ., ಥೈರಾಯ್ಡ್, ಹಿಮೋಗ್ಲೋಬಿನ್, ಬಿ12 ಎಲ್ಲವೂ ಸರಿಯಾಗಿದ್ದವು. ಮನಶ್ಶಾಸ್ತ್ರಜ್ಞರನ್ನು ಕಾಣುವುದು ಒಳ್ಳೆಯದು ಎಂದೆ. "ಮೊಬೈಲಿನಲ್ಲಿ ಒಬ್ಬರ ಹತ್ತಿರ ಆಗಲೇ ಮಾತಾಡಿದೆ ಡಾಕ್ಟ್ರೇ. ಬರೀ ಪ್ರಶ್ನೆ ಕೇಳಿದರು, ಏನೂ ಹೇಳಲಿಲ್ಲ. ಸಾವಿರದ ಇನ್ನೂರು ಹೋಯಿತು, ಬಿಟ್ಟುಬಿಟ್ಟೆ" ಎಂದ. ತಾಯಿ ಗಾಬರಿಯಿಂದ ಮಗನ ಮುಖ ನೋಡಿದರು. ಅವರಿಗೆ ಈ ಸಂಗತಿ ಗೊತ್ತೇ ಇರಲಿಲ್ಲ. "ಮಾತಾಡೋಕೆ ಅಷ್ಟು ದುಡ್ಡು ಕೊಡಬೇಕಾ? ನನ್ನ ಹತ್ರ ಹೇಳ್ಕೋಬಾರದಿತ್ತಾ?" ಎಂದು ಕೇಳಿದರು.

ತಾಯಿ, ಮಗ ಇಬ್ಬರ ಒಪ್ಪಿಗೆಯ ಮೇರೆಗೇ ಇದನ್ನು ಬರೆಯುತ್ತಿದ್ದೇನೆ. ಏಕೆಂದರೆ ಇಂಥ ಮಾತನ್ನು ನಾನು ಈಗ ವಾರಕ್ಕೊಮ್ಮೆಯಾದರೂ ಕೇಳುತ್ತೇನೆ.

ಮಗನ ದೂರನ್ನು ಮೊದಲು ನೋಡೋಣ. ನನ್ನಂಥ ವೈದ್ಯರು ನಿಮ್ಮನ್ನು ಕೆಡಿಸಿಟ್ಟಿದ್ದೇವೆ. ಐದು ನಿಮಿಷ ಕೇಳಿ ಚೀಟಿ ಬರೆದು ಕಳಿಸುತ್ತೇವೆ. ಥೆರಪಿಸ್ಟರ ಮೊದಲ ಭೇಟಿ ಹಾಗಲ್ಲ. ನಲವತ್ತೈದರಿಂದ ಐವತ್ತು ನಿಮಿಷದ ಆ ಭೇಟಿಯಲ್ಲಿ ಬಹುಪಾಲು ಸಮಯ ಅವರು ನಿಮ್ಮ ಚರಿತ್ರೆ ತಿಳಿಯಲು ಬಳಸುತ್ತಾರೆ. ತೊಂದರೆ ಎಂದಿನಿಂದ, ನಿದ್ರೆ ಹೇಗೆ, ಊಟ ಸೇರುತ್ತದೆಯೆ, ಮನೆಯಲ್ಲಿ ಯಾರಿದ್ದಾರೆ, ಕುಡಿತವುಂಟೆ, ಬೇರೆ ಮಾತ್ರೆ ತೆಗೆದುಕೊಳ್ಳುತ್ತಿದ್ದೀರಾ ಎಂದೆಲ್ಲ ಕೇಳುತ್ತಾರೆ. ಸಾಯಬೇಕೆಂಬ ಯೋಚನೆ ಬಂದಿದೆಯೆ ಎಂದೂ ಕೇಳುತ್ತಾರೆ. ಇದರಿಂದ ಸಿಟ್ಟಾಗಬೇಡಿ. ಕೇಳಿದ್ದರಿಂದ ಅಂಥ ಯೋಚನೆ ಹುಟ್ಟುವುದಿಲ್ಲ, ಇದ್ದವರಿಗೆ ಹೇಳಿಕೊಳ್ಳಲು ಬಾಗಿಲು ತೆರೆಯುತ್ತದೆ.

ಅದಕ್ಕೂ ಮೊದಲು ಒಪ್ಪಿಗೆ ಪತ್ರವೊಂದನ್ನು ಕಳಿಸುತ್ತಾರೆ. ಶುಲ್ಕವೆಷ್ಟು, ಭೇಟಿ ರದ್ದಾದರೆ ಹಣ ವಾಪಸುಂಟೆ, ಮಾತುಕತೆಯನ್ನು ರೆಕಾರ್ಡು ಮಾಡುತ್ತಾರೆಯೆ ಎಂಬುದೆಲ್ಲ ಅದರಲ್ಲಿರಬೇಕು, ಇಲ್ಲದಿದ್ದರೆ ಕೇಳಿ. ನೀವು ಈಗ ಕುಳಿತಿರುವ ವಿಳಾಸವನ್ನೂ ಹತ್ತಿರದವರೊಬ್ಬರ ಫೋನ್ ನಂಬರನ್ನೂ ಕೇಳುವುದುಂಟು. ಎಷ್ಟೋ ಜನ ಇಲ್ಲಿಗೇ ಹೆದರಿ ಹಿಂದೆ ಸರಿಯುತ್ತಾರೆ. ನಿಮಗೆ ತುರ್ತು ಸ್ಥಿತಿ ಬಂದರೆ ಪರದೆಯ ಆಚೆ ಇರುವವರು ಓಡಿ ಬರಲಾರರು, ಅದಕ್ಕಾಗಿ ಕೇಳುತ್ತಾರೆ, ಅಷ್ಟೆ.

ಮೊದಲ ದಿನ ಪರಿಹಾರ ಸಿಗುವುದಿಲ್ಲ. ಆ ರಾತ್ರಿ ಮನಸ್ಸು ಇನ್ನಷ್ಟು ಭಾರವಾಗಬಹುದು. ಮುಚ್ಚಿಟ್ಟದ್ದನ್ನು ತೆಗೆದು ಹರವಿದ್ದೀರಲ್ಲ! ಎರಡು ಮೂರು ಭೇಟಿಗಳಲ್ಲಿ ಯಾವುದನ್ನು ಮೊದಲು ಸರಿಪಡಿಸಬೇಕೆಂದು ಇಬ್ಬರೂ ಸೇರಿ ನಿರ್ಧರಿಸುತ್ತೀರಿ. ಆತಂಕ ಬಂದ ಹೊತ್ತು, ಆಗ ಹೊಳೆದ ಯೋಚನೆ ಇವನ್ನು ಬರೆದಿಡಿ ಎಂದು ಮನೆಪಾಠ ಕೊಡಬಹುದು. ನಾಲ್ಕೈದು ಭೇಟಿಗಳ ನಂತರವೂ ಹೊಂದಾಣಿಕೆ ಆಗದಿದ್ದರೆ ಅವರಿಗೇ ಹೇಳಿ ಬೇರೊಬ್ಬರನ್ನು ನೋಡಿ. ಒಳ್ಳೆಯ ಥೆರಪಿಸ್ಟರು ಬೇಸರಿಸಿಕೊಳ್ಳುವುದಿಲ್ಲ.

ಇನ್ನು ತಾಯಿಯ ಪ್ರಶ್ನೆ. ಅಮ್ಮನಿಗೆ ಹೇಳಿಕೊಳ್ಳುವುದು ಬೇರೆ, ಇದು ಬೇರೆ. ಅಮ್ಮ ಕೇಳಿದರೆ ನೊಂದುಕೊಳ್ಳುತ್ತಾರೆ, ದೇವರಿಗೆ ಹರಕೆ ಹೊರುತ್ತಾರೆ, ಮದುವೆ ಮಾಡಿದರೆ ಸರಿಹೋಗುತ್ತದೆ ಎನ್ನುತ್ತಾರೆ. ಎಷ್ಟೋ ಸಲ ಹೇಳಬೇಕಾದ ಸಂಗತಿಯಲ್ಲಿ ಅಮ್ಮನೂ ಒಂದು ಪಾತ್ರವಾಗಿರುತ್ತಾರೆ. ನಾನೂ ಕಡಿಮೆಯವನಲ್ಲ. ಇಪ್ಪತ್ತು ವರ್ಷಗಳ ಹಿಂದೆ, ಹೊಸದಾಗಿ ಎಂ.ಬಿ.ಬಿ.ಎಸ್. ಮುಗಿಸಿದಾಗ, ಇಂಥವರಿಗೆ "ಏನೂ ಇಲ್ಲ, ಬರೀ ಟೆನ್ಷನ್ನು" ಎಂದು ಬಿ ಕಾಂಪ್ಲೆಕ್ಸ್ ಇಂಜೆಕ್ಷನ್ ಕೊಟ್ಟು ಕಳಿಸುತ್ತಿದ್ದೆ. ಅವರಲ್ಲಿ ಎಷ್ಟು ಜನ ತಿರುಗಿ ಬರಲಿಲ್ಲವೋ! ನಿಮ್ಹಾನ್ಸ್ 2015-16ರಲ್ಲಿ ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ, ಕಾಯಿಲೆಗೆ ತಕ್ಕಂತೆ ಶೇಕಡಾ 70ರಿಂದ 92ರಷ್ಟು ರೋಗಿಗಳು ಚಿಕಿತ್ಸೆಯಿಲ್ಲದೆ ಉಳಿದಿದ್ದರು. ಅದರಲ್ಲಿ ನಮ್ಮಂಥ ವೈದ್ಯರ ಪಾಲೂ ಇದೆ.

ಯಾರ ಬಳಿ ಹೋಗುತ್ತಿದ್ದೀರಿ ಎಂಬುದನ್ನು ನೋಡಿಕೊಳ್ಳಿ. ಮನೋವೈದ್ಯರು ಎಂ.ಬಿ.ಬಿ.ಎಸ್. ಮೇಲೆ ಮನೋವೈದ್ಯಶಾಸ್ತ್ರ ಓದಿದವರು, ಮಾತ್ರೆ ಬರೆಯಬಲ್ಲರು. ಕ್ಲಿನಿಕಲ್ ಸೈಕಾಲಜಿಸ್ಟರು ಸಾಮಾನ್ಯವಾಗಿ ಎಂ.ಫಿಲ್. ಮಾಡಿ, 1992ರ ಕಾಯಿದೆಯಂತೆ ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ನೋಂದಾಯಿಸಿಕೊಂಡಿರುತ್ತಾರೆ, ಮಾತ್ರೆ ಬರೆಯುವುದಿಲ್ಲ. ಆಪ್ತಸಲಹೆಗಾರರೆಂದು ಹೇಳಿಕೊಳ್ಳುವವರಲ್ಲಿ ಎಂ.ಎಸ್ಸಿ. ಓದಿ ಪಳಗಿದವರೂ ಇದ್ದಾರೆ, ಮೂರು ತಿಂಗಳ ಸರ್ಟಿಫಿಕೇಟಿನವರೂ ಇದ್ದಾರೆ. ಓದು, ನೋಂದಣಿ ಸಂಖ್ಯೆ ಕೇಳಲು ಸಂಕೋಚ ಬೇಡ. ಮೂರು ಭೇಟಿಯಲ್ಲಿ ಗುಣ ಎನ್ನುವವರು, ಇಪ್ಪತ್ತು ಭೇಟಿಯ ಹಣ ಮುಂಗಡ ಕೊಡಿ ಎನ್ನುವವರು ಸಿಕ್ಕರೆ ಫೋನ್ ಇಟ್ಟುಬಿಡಿ. ಮತ್ತೊಂದು ಮಾತು: ಕನ್ನಡ ಬಲ್ಲವರನ್ನೇ ಕೇಳಿ ಪಡೆಯಿರಿ. ಆಫೀಸಿನಲ್ಲಿ ಇಂಗ್ಲಿಷ್ ಆಡುವವರಿಗೂ "ಹೊಟ್ಟೆಯೊಳಗೆ ಏನೋ ಕಲೆಸಿದಂಗಾಗುತ್ತೆ" ಎನ್ನುವುದಕ್ಕೆ ಇಂಗ್ಲಿಷ್ ಸಿಗುವುದಿಲ್ಲ.

ನಮ್ಮ ಬಡಾವಣೆಯ ನಿಜವಾದ ಕಷ್ಟ ಜಾಗದ್ದು. ಇಪ್ಪತ್ತು ಮೂವತ್ತರ ಸೈಟಿನಲ್ಲಿ ಮೂರು ಅಂತಸ್ತು, ಅಂತಸ್ತಿಗೊಂದು ಬಾಡಿಗೆ ಸಂಸಾರ. ಅಡುಗೆಮನೆಯಲ್ಲಿ ಸೌಟು ಬಿದ್ದರೆ ಪಕ್ಕದವರಿಗೆ ಕೇಳುತ್ತದೆ. ನನ್ನ ರೋಗಿಗಳಲ್ಲಿ ಒಬ್ಬರು ತಾರಸಿಯ ನೀರಿನ ಟ್ಯಾಂಕಿನ ಮರೆಯಲ್ಲಿ ಕೂರುತ್ತಾರೆ, ಇನ್ನೊಬ್ಬರು ರಸ್ತೆಬದಿ ನಿಲ್ಲಿಸಿದ ಕಾರಿನಲ್ಲಿ. ಕಿವಿಗೆ ಇಯರ್‌ಫೋನ್ ಇರಲಿ. ಮನೆಯವರು ಆ ಐವತ್ತು ನಿಮಿಷ ಬಾಗಿಲ ಬಳಿ ಸುಳಿಯಬಾರದು. ಟಿ.ವಿ. ಸ್ವಲ್ಪ ಜೋರಾಗಿ ಇಟ್ಟರೆ ಉಪಕಾರವೇ. ಮುಗಿದ ಮೇಲೆ "ಏನಂದರು? ನನ್ನ ವಿಷಯ ಬಂತಾ?" ಎಂದು ವಿಚಾರಣೆ ಬೇಡ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆ ರೋಗಿಗೆ ಗೋಪ್ಯತೆಯ ಹಕ್ಕು ಕೊಟ್ಟಿದೆ. ಪ್ರಾಣಕ್ಕೆ ಅಪಾಯವಿದ್ದಾಗ, ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ತಿಳಿದುಬಂದಾಗ ಮಾತ್ರ ಅವರು ಸುಮ್ಮನಿರುವಂತಿಲ್ಲ. ಇದನ್ನು ಮೊದಲ ದಿನವೇ ನಿಮಗೆ ಹೇಳಬೇಕು.

ಎಲ್ಲರಿಗೂ ಮೊಬೈಲ್ ಸಾಲದು. ಕಾಣದ ದನಿಗಳು ಕೇಳಿಸುತ್ತಿದ್ದರೆ, ಊಟ ನಿದ್ರೆ ಪೂರಾ ಬಿಟ್ಟಿದ್ದರೆ, ಕುಡಿತ ನಿಲ್ಲಿಸಿದ ಮೇಲೆ ಕೈ ನಡುಗಿ ಬಡಬಡಿಸುತ್ತಿದ್ದರೆ, ಸಾಯಲು ಸಿದ್ಧತೆ ನಡೆಸಿದ್ದರೆ ಆನ್‌ಲೈನ್ ಭೇಟಿಗೆ ಕಾಯದೆ ಹೊಸೂರು ರಸ್ತೆಯ ನಿಮ್ಹಾನ್ಸ್‌ಗೋ ಹತ್ತಿರದ ದೊಡ್ಡ ಆಸ್ಪತ್ರೆಗೋ ಕರೆದೊಯ್ಯಿರಿ. ಹೊಡೆಯುವ ಗಂಡ ಪಕ್ಕದ ಕೋಣೆಯಲ್ಲಿರುವ ಹೆಣ್ಣುಮಗಳಿಗೂ ಮನೆಯಿಂದ ಮಾಡುವ ಕರೆ ಕ್ಷೇಮವಲ್ಲ. ಹಣವಿಲ್ಲದವರು 14416ಕ್ಕೆ ಫೋನ್ ಮಾಡಬಹುದು. 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ ಮಾನಸ್ ಎಂಬ ಸರ್ಕಾರಿ ಸೇವೆ ಇದು. ಹಗಲು ರಾತ್ರಿ ದೊರೆಯುತ್ತದೆ, ಉಚಿತ, ಕನ್ನಡದಲ್ಲೂ ಇದೆ.

ಮೊನ್ನೆ ಆ ತಾಯಿ ಬಿ.ಪಿ. ತೋರಿಸಲು ಬಂದಿದ್ದರು. ಮಗ ಅದೇ ಥೆರಪಿಸ್ಟರ ಬಳಿ ಮತ್ತೆ ಹೋಗಿದ್ದಾನೆ, ನಾಲ್ಕು ಭೇಟಿ ಆಗಿವೆ. ನಿದ್ರೆ ಇನ್ನೂ ಪೂರ್ತಿ ಸರಿಹೋಗಿಲ್ಲವಂತೆ. ಶನಿವಾರ ಸಂಜೆ ಏಳರಿಂದ ಎಂಟರವರೆಗೆ ತಾವು ಹಿಂದಿನ ರಸ್ತೆಯ ತಂಗಿಯ ಮನೆಗೆ ಹೋಗಿ ಕೂರುತ್ತೇನೆ ಎಂದರು. ಬಿ.ಪಿ. 150/90 ಇತ್ತು. ಉಪ್ಪಿನಕಾಯಿ ಬಿಡಲು ಹೇಳಿ, ಹದಿನೈದು ದಿನ ಬಿಟ್ಟು ಬರಲು ತಿಳಿಸಿದ್ದೇನೆ.