ಬೆತ್ತವೂ ಬೇಡ, ತಾಯಿತವೂ ಬೇಡ



ಶಾಲೆ ಶುರುವಾಗುವ ದಿನಗಳಲ್ಲಿ ನಮ್ಮ ಮಠಗಳ ಪ್ರಸಾದ ನಿಲಯಗಳ ಮುಂದೆ ತಂದೆ-ತಾಯಿಗಳು ಮಕ್ಕಳ ಕೈಹಿಡಿದು ನಿಲ್ಲುತ್ತಾರೆ. ತುಮಕೂರು ಸೀಮೆಯಲ್ಲಾದರೆ ಅವರಲ್ಲಿ ವಸಂತನರಸಾಪುರದ ಕಾರ್ಖಾನೆಗಳಲ್ಲಿ ಪಾಳಿಯ ಮೇಲೆ ದುಡಿಯುವವರೂ ಇರುತ್ತಾರೆ. ರಾತ್ರಿ ಪಾಳಿ ಮುಗಿಸಿದ ತಂದೆ ಮನೆಗೆ ಬರುವ ಹೊತ್ತಿಗೆ ತಾಯಿ ಬೆಳಗಿನ ಪಾಳಿಗೆ ಹೊರಟಿರುತ್ತಾಳೆ. ಅಂಥ ಮನೆಯವರ ಬಿನ್ನಹ ಹೀಗಿರುತ್ತದೆ: “ಬುದ್ಧಿ, ಇವನು ಒಂದು ಕಡೆ ಕೂರಲ್ಲ, ಹೇಳಿದ್ದು ಕಿವಿಗೆ ಹಾಕ್ಕೊಳ್ಳಲ್ಲ. ನಿಮ್ಮ ಪಾದಕ್ಕೆ ಹಾಕಿದ್ದೀವಿ. ನಾಲ್ಕು ಬಾರಿಸಿಯಾದ್ರೂ ದಾರಿಗೆ ತನ್ನಿ.”

ಇದಕ್ಕೆ ನಾವು ಕೊಡುವ ಉತ್ತರವೇನು? ಒಬ್ಬರು ಬೆತ್ತ ತೋರಿಸುತ್ತಾರೆ. ಇನ್ನೊಬ್ಬರು ತಾಯಿತ ಕಟ್ಟುತ್ತಾರೆ. ಮತ್ತೊಬ್ಬರು ಜಾತಕ ಬಿಡಿಸಿ ಶನಿಕಾಟ, ಹೋದ ಜನ್ಮದ ಕರ್ಮ ಎನ್ನುತ್ತಾರೆ. ಪಂಚಸೂತಕಗಳನ್ನೇ ಕಿತ್ತೆಸೆದ ಶರಣರ ಹೆಸರು ಹೇಳಿಕೊಂಡು, ಎದೆಯ ಮೇಲೆ ಲಿಂಗ ಧರಿಸಿಕೊಂಡು ಆಡುವ ಮಾತುಗಳೇ ಇವು?

ಇಂಥ ಮಕ್ಕಳಲ್ಲಿ ಕೆಲವರಿಗೆ ಇರುವುದು ಎಡಿಎಚ್‌ಡಿ. ಅಂದರೆ ಗಮನದ ಕೊರತೆ ಮತ್ತು ಅತಿಚಟುವಟಿಕೆಯ ತೊಂದರೆ. ಇದು ಮಿದುಳಿನ ಬೆಳವಣಿಗೆಗೆ ಸಂಬಂಧಿಸಿದ್ದು. ಗಮನವನ್ನು ಒಂದೆಡೆ ನಿಲ್ಲಿಸುವ, ಆತುರವನ್ನು ತಡೆಯುವ, ಹಿಡಿದ ಕೆಲಸವನ್ನು ಮುಗಿಸುವ ಶಕ್ತಿ ವಯಸ್ಸಿಗೆ ತಕ್ಕಷ್ಟು ಬಲಿತಿರುವುದಿಲ್ಲ. ಮಗು ಬೇಕೆಂದು ಮಾಡುವುದಲ್ಲ, ತಾಯಿ ಸಾಕಿದ್ದು ಸರಿಯಿಲ್ಲವೆಂದು ಬಂದದ್ದೂ ಅಲ್ಲ. ವಂಶದಲ್ಲಿ ಹರಿದು ಬರುವ ಸಂಭವ ಹೆಚ್ಚು. ಮಗನನ್ನು ಕರೆತಂದ ಅಪ್ಪನೇ ಒಂದು ಕಾಲಕ್ಕೆ ಇದೇ ಕಾರಣಕ್ಕೆ ಏಟು ತಿಂದಿರಬಹುದು. ಈಗಲೂ ಕೆಲಸದ ಜಾಗದಲ್ಲಿ ಮರೆವಿಗಾಗಿ ಬೈಸಿಕೊಳ್ಳುತ್ತಿರಬಹುದು. ಹೆಣ್ಣುಮಕ್ಕಳಲ್ಲಿ ಅನೇಕರು ಓಡಾಡಿ ಗಲಾಟೆ ಮಾಡದೆ, ಕಿಟಕಿಯಾಚೆ ನೋಡುತ್ತ ಕೂರುತ್ತಾರೆ. ಅವರಿಗೆ ಸಿಗುವುದು ‘ದಡ್ಡಿ’ ಎಂಬ ಬಿರುದು ಮಾತ್ರ.

ತುಂಟತನವೆಲ್ಲ ಎಡಿಎಚ್‌ಡಿಯಲ್ಲ. ಲಕ್ಷಣಗಳು 12 ವರ್ಷದೊಳಗೇ ಕಾಣಿಸಿ, ಕನಿಷ್ಠ ಆರು ತಿಂಗಳು ಉಳಿದು, ಮನೆ-ಶಾಲೆ ಎರಡೂ ಕಡೆ ತೊಡಕಾಗುತ್ತಿದ್ದರೆ ವೈದ್ಯರು ಪರೀಕ್ಷಿಸಿ ನಿರ್ಧರಿಸುತ್ತಾರೆ. ನಿರ್ಧರಿಸುವ ಅಧಿಕಾರ ವಾರ್ಡನ್ನಿಗೂ ಇಲ್ಲ, ಜ್ಯೋತಿಷಿಗೂ ಇಲ್ಲ.

“ನಮ್ಮ ಕಾಲದಲ್ಲಿ ಇದೆಲ್ಲ ಇರಲಿಲ್ಲ, ಏಟು ತಿಂದೇ ಬೆಳೆದೆವು” ಎನ್ನುವ ಹಿರಿಯರಿದ್ದಾರೆ. 1902ರಷ್ಟು ಹಿಂದೆಯೇ ಲಂಡನ್ನಿನ ವೈದ್ಯ ಜಾರ್ಜ್ ಸ್ಟಿಲ್ ಇಂಥ ಮಕ್ಕಳ ಬಗ್ಗೆ ಉಪನ್ಯಾಸ ಕೊಟ್ಟಿದ್ದರು. ಆಗಲೂ ಇತ್ತು, ನಮಗೆ ಕಾಣಲಿಲ್ಲ. ಏಟು ತಾಳಲಾರದೆ ಶಾಲೆ ಬಿಟ್ಟು ಓಡಿಹೋದವರು ಇಂದು ವೇದಿಕೆ ಹತ್ತಿ ತಮ್ಮ ಕಥೆ ಹೇಳುವುದಿಲ್ಲ, ಅಷ್ಟೆ.

“ಇಷ್ಟಲಿಂಗ ಪೂಜೆ ಮಾಡಿಸಿ, ಏಕಾಗ್ರತೆ ತಾನೇ ಬರುತ್ತದೆ” ಎನ್ನುವವರೂ ಇದ್ದಾರೆ. ಪೂಜೆಯ ಬೆಲೆ ನನಗೂ ಗೊತ್ತು. ಆದರೆ ಕಣ್ಣು ಮಂಜಾದ ಮಗುವಿಗೆ ಕನ್ನಡಕದ ಬದಲು ಪೂಜೆ ಹೇಳುತ್ತೇವೆಯೇ? ಕೂರಲಾರದ ಮಗು ಕದಲಿತೆಂದು ಎಲ್ಲರೆದುರು ಎಬ್ಬಿಸಿ ನಿಲ್ಲಿಸಿದರೆ ಲಿಂಗಪೂಜೆಯನ್ನೇ ಶಿಕ್ಷೆ ಮಾಡಿದಂತಾಯಿತು. ಐದು ನಿಮಿಷ ಕೂರಬಲ್ಲವನಿಗೆ ಐದು ನಿಮಿಷದ ಪೂಜೆಯೇ ಪೂಜೆ.

ಇನ್ನು ಕಾಯಕದ ಮಾತು. ಕೆಲಸ ಅರ್ಧಕ್ಕೆ ಬಿಟ್ಟವನನ್ನು ಕಾಯಕಗಳ್ಳ ಎಂದು ಜರೆಯುತ್ತೇವೆ. ಅನುಭವ ಮಂಟಪದಲ್ಲಿ ಮಡಿವಾಳ ಮಾಚಯ್ಯನಿದ್ದ, ಅಂಬಿಗರ ಚೌಡಯ್ಯನಿದ್ದ, ನುಲಿಯ ಚಂದಯ್ಯನಿದ್ದ. ಹಗ್ಗ ಹೊಸೆಯುವವನನ್ನು ದೋಣಿ ನಡೆಸಲಾರೆ ಎಂದು ಯಾರೂ ಹೀಯಾಳಿಸಲಿಲ್ಲ. ಗಂಡ ಹೆಚ್ಚಾಗಿ ತಂದ ಅಕ್ಕಿಯನ್ನು ಆಯ್ದಕ್ಕಿ ಲಕ್ಕಮ್ಮ ಹಿಂದಿರುಗಿಸಲು ಹೇಳಿದ ಕಥೆ ನಮ್ಮ ಮಕ್ಕಳಿಗೂ ಗೊತ್ತು. ಶರಣರ ಲೆಕ್ಕದಲ್ಲಿ ಅಳತೆ ಅಗತ್ಯಕ್ಕೆ ತಕ್ಕಂತೆ. ಒಂದು ಮಗುವಿಗೆ ಹೆಚ್ಚು ಅನ್ನ ಬೇಕಾದರೆ ಬಡಿಸುತ್ತೇವೆ. ಇನ್ನೊಂದಕ್ಕೆ ಹೆಚ್ಚು ತಾಳ್ಮೆ ಬೇಕಾದರೆ ಯಾಕೆ ಕೈ ಬಿಗಿ ಹಿಡಿಯಬೇಕು?

ಆ ತಾಳ್ಮೆಗೆ ದುಡ್ಡು ಬೇಕಿಲ್ಲ. ಆ ಮಗುವನ್ನು ಮುಂದಿನ ಸಾಲಿನಲ್ಲಿ ಕೂರಿಸಿ. ಒಂದು ಸಲಕ್ಕೆ ಒಂದೇ ಕೆಲಸ ಹೇಳಿ. ದಿನಚರಿಯನ್ನು ಗೋಡೆಯ ಮೇಲೆ ದೊಡ್ಡದಾಗಿ ಬರೆಸಿ. ಪಾಠದ ನಡುವೆ ಎದ್ದು ಓಡಾಡಲು ಬಿಡಿ. ಪಂಕ್ತಿಯಲ್ಲಿ ನೀರು ಬಡಿಸುವ ಸೇವೆ ಕೊಡಿ. ಸರಿಯಾಗಿ ಮಾಡಿದ ಕ್ಷಣವೇ ಮೆಚ್ಚಿ ಹೇಳಿ. ವೈದ್ಯರು ಮಿಥೈಲ್‌ಫೆನಿಡೇಟ್‌ನಂಥ ಮಾತ್ರೆ ಬರೆದರೆ ನಿದ್ದೆ ಮಾತ್ರೆಯೆಂದು ಹೆದರಿಸಿ ಬಿಡಿಸಬೇಡಿ. ಅದು ಮಗುವನ್ನು ಮಲಗಿಸುವ ಔಷಧಿಯಲ್ಲ, ಗಮನಕ್ಕೆ ಆಸರೆ. ವೈದ್ಯರ ನಿಗಾದಲ್ಲಿ ಕೊಡಬೇಕು.

ಸರ್ಕಾರದ ದಾರಿಗಳೂ ಇವೆ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ 30 ತೊಂದರೆಗಳ ಪಟ್ಟಿಯಲ್ಲಿ ಎಡಿಎಚ್‌ಡಿಯೂ ಇದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮಕ್ಕಳ ಮನೋವೈದ್ಯಕೀಯ ವಿಭಾಗವೇ ಇದೆ. ಟೆಲಿ ಮಾನಸ್‌ನ 14416ಕ್ಕೆ ಉಚಿತವಾಗಿ ಕರೆ ಮಾಡಬಹುದು. ಶಾಲೆಯಲ್ಲಿ ಮಗುವಿನ ಮೇಲೆ ಕೈಮಾಡುವುದನ್ನು 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಮು ನಿಷೇಧಿಸಿದೆ.

ಆದರೆ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ವಿಧಗಳ ಪಟ್ಟಿಯಲ್ಲಿ ಎಡಿಎಚ್‌ಡಿಯ ಹೆಸರಿಲ್ಲ. ಪಟ್ಟಿಯಲ್ಲಿಲ್ಲವೆಂದು ಕಚೇರಿಯವರು ಕೈಚೆಲ್ಲಬಹುದು. ದಾಸೋಹಕ್ಕೂ ಪ್ರಮಾಣಪತ್ರ ಬೇಕೇ?

ಸಿದ್ಧಗಂಗೆಯ ಲಿಂಗೈಕ್ಯ ಶಿವಕುಮಾರ ಸ್ವಾಮೀಜಿಯವರು (1907–2019) ಸಾವಿರಾರು ಬಡಮಕ್ಕಳಿಗೆ ಅನ್ನ, ಅಕ್ಷರ, ಆಶ್ರಯ ಕೊಟ್ಟರು. ಆ ಪರಂಪರೆಯ ಹೆಮ್ಮೆ ನಮಗಿದ್ದರೆ ಒಂದು ಜಗಲಿಯಲ್ಲಿ ಕೂರಲಾರದ ಮಗುವಿಗೂ ಆ ಆಶ್ರಯದಲ್ಲಿ ಜಾಗವಿರಬೇಕು. ಮಠಗಳ ಪೂಜ್ಯರಲ್ಲಿ, ಆಡಳಿತ ಮಂಡಳಿಗಳಲ್ಲಿ ನನ್ನ ಬಿನ್ನಹ ಮೂರೇ: ಪ್ರಸಾದ ನಿಲಯಗಳಿಂದ ಬೆತ್ತ ಹೊರಹೋಗಲಿ. ವರ್ಷಕ್ಕೊಮ್ಮೆ ವೈದ್ಯರನ್ನು ಕರೆಸಿ ಶಿಕ್ಷಕರಿಗೂ ವಾರ್ಡನ್‌ಗಳಿಗೂ ತರಬೇತಿ ಕೊಡಿಸಿ. ಪಾಳಿಯಲ್ಲಿ ದುಡಿಯುವ ತಂದೆ-ತಾಯಿ ಬರಲಾಗುವ ಹೊತ್ತಿಗೆ ಸಭೆ ಇಡಿ.

ಮುಂದಿನ ಸಲ ಒಬ್ಬ ತಾಯಿ “ನಾಲ್ಕು ಬಾರಿಸಿ ಬುದ್ಧಿ” ಎಂದಾಗ, “ಬೇಡ ತಾಯಿ, ಮೊದಲು ವೈದ್ಯರಿಗೆ ತೋರಿಸೋಣ, ನಾವೂ ಜೊತೆಗೆ ಬರ್ತೀವಿ” ಎಂಬ ಉತ್ತರ ಮಠದಿಂದ ಬರಲಿ.